ವೆರ್ಡಿಯ ಬಗ್ಗೆ ಬರೆಯುತ್ತಿರುವ ತಮ್ಮನಿಗೆ

ಪ್ರೀತಿಯ ತಮ್ಮ,

ಇಟಲಿಯ ಜುಸೆಪ್ಪೆ ವೆರ್ಡಿಯ ಬಗ್ಗೆ ನೀನು ಬರೆದು ಕಳಿಸಿದ ಲೇಖನ ಓದಿದೆ. ಕನ್ನಡದಲ್ಲಿ ಒಪೆರಾ, ಅಂದರೆ ಹಾಡಿನಲ್ಲೇ ಸಾಗುವ ನಾಟಕಗಳ, ಸಂಯೋಜಕನೊಬ್ಬನ ಬದುಕನ್ನು ಇಷ್ಟು ಶ್ರದ್ಧೆಯಿಂದ ಕೂತು ಬರೆಯುವವರು ಕಡಿಮೆ. ಅದಕ್ಕೇ ‘ಚೆನ್ನಾಗಿದೆ’ ಅಂತ ಒಂದು ಸಾಲು ಗೀಚಿ ಸುಮ್ಮನಾಗಲು ಮನಸ್ಸಾಗಲಿಲ್ಲ. ನಿನಗೆ ಆ ಸಂಗೀತದ ಮೇಲೆ ನಿಜವಾದ ಪ್ರೀತಿಯಿದೆ, ಅದು ಪ್ರತಿ ಪುಟದಲ್ಲೂ ಕಾಣುತ್ತದೆ. ಆದರೆ ನಿನ್ನ ವೆರ್ಡಿ ಲೇಖನದುದ್ದಕ್ಕೂ ನೋಯುತ್ತಾನೆ, ಇಲ್ಲವೇ ಗೆಲ್ಲುತ್ತಾನೆ. ಕೆಲಸ ಮಾಡುವುದು ಮಾತ್ರ ಎಲ್ಲೂ ಕಾಣುವುದಿಲ್ಲ.

ಮೊದಲು ಸಾವುಗಳ ವಿಷಯ. ‘ಎರಡೇ ತಿಂಗಳಲ್ಲಿ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ’ ಎಂದು ಬರೆದಿದ್ದೀಯ. ಇದು ನೀನು ಕಟ್ಟಿದ ಮಾತಲ್ಲ, ಗೊತ್ತು. ಸ್ವತಃ ವೆರ್ಡಿಯೇ 1879ರಲ್ಲಿ ತನ್ನ ಪ್ರಕಾಶಕ ಜೂಲಿಯೊ ರಿಕೋರ್ಡಿಯ ಮುಂದೆ ಹಾಗೆ ಹೇಳಿಕೊಂಡಿದ್ದ. ಆದರೆ ಮಗಳು ವರ್ಜೀನಿಯಾ ತೀರಿಕೊಂಡದ್ದು 1838ರ ಆಗಸ್ಟ್‌ನಲ್ಲಿ, ಮಗ ಇಚೀಲಿಯೊ 1839ರ ಅಕ್ಟೋಬರ್‌ನಲ್ಲಿ, ಹೆಂಡತಿ ಮಾರ್ಗೆರಿಟಾ 1840ರ ಜೂನ್‌ನಲ್ಲಿ. ಹೆಚ್ಚುಕಡಿಮೆ ಎರಡು ವರ್ಷ. ವಯಸ್ಸಾದವನ ನೆನಪಿನಲ್ಲಿ ಮೂರು ಸಾವುಗಳು ಒಂದಕ್ಕೊಂದು ಅಂಟಿಕೊಂಡುಬಿಟ್ಟಿದ್ದವು. ತಾರೀಖು ಸರಿಪಡಿಸಿದರೆ ದುಃಖವೇನೂ ಸಣ್ಣದಾಗುವುದಿಲ್ಲ. ಮಗ ಹೋಗಿ ಒಂದು ತಿಂಗಳೂ ತುಂಬಿರಲಿಲ್ಲ, ಮೊದಲ ಒಪೆರಾ ‘ಒಬೆರ್ಟೊ’ ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ತೆರೆ ಕಂಡಿತು. ಹೆಂಡತಿ ಹೋದ ವರ್ಷವೇ, ಒಪ್ಪಂದಕ್ಕೆ ಕಟ್ಟುಬಿದ್ದು ಬರೆದ ಹಾಸ್ಯದ ಒಪೆರಾ ಮೊದಲ ಪ್ರದರ್ಶನದಲ್ಲೇ ನೆಲಕಚ್ಚಿತು. ಇಷ್ಟನ್ನು ತಾರೀಖಿನ ಸಮೇತ ಇಟ್ಟರೆ ಸಾಕು, ‘ವಿಧಿಯ ಕ್ರೂರ ಆಟ’ ಎಂಬ ನಿನ್ನ ಮಾತು ಬೇಕಾಗುವುದೇ ಇಲ್ಲ.

ಅವನ ಒಪೆರಾ ‘ನಬುಕ್ಕೊ’ ವಿಷಯದಲ್ಲೂ ಎಚ್ಚರ. 1842ರ ಮಾರ್ಚ್ 9ರ ಮೊದಲ ಪ್ರದರ್ಶನದಲ್ಲಿ ಸೆರೆಯಾಳುಗಳ ಮೇಳಗೀತೆ ಕೇಳಿ ಜನ ಹುಚ್ಚೆದ್ದು ಮತ್ತೆ ಹಾಡಿಸಿದರು ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ವಿದ್ವಾಂಸ ರೋಜರ್ ಪಾರ್ಕರ್ ಅಂದಿನ ಪತ್ರಿಕೆಗಳನ್ನು ಹುಡುಕಿ ನೋಡಿದಾಗ ಅದಕ್ಕೆ ಆಧಾರ ಸಿಗಲಿಲ್ಲ. ಜನ ಮತ್ತೆ ಕೇಳಿದ್ದು ಕೊನೆಯ ಭಾಗದ ಪ್ರಾರ್ಥನೆಯನ್ನು. ಆ ಒಪೆರಾ ಗೆದ್ದದ್ದಂತೂ ದಿಟ. ಅದೇ ವರ್ಷದ ಶರತ್ಕಾಲದಲ್ಲಿ ಲಾ ಸ್ಕಾಲಾದಲ್ಲಿ 57 ಪ್ರದರ್ಶನ ಕಂಡಿತು. ಈ ಅಂಕಿಯನ್ನು ಬರಿ, ಕಥೆಯನ್ನು ಬಿಡು.

ನಿನ್ನ ಲೇಖನ ‘ಬಡ ರೈತನ ಮಗ’ ಎಂದು ಶುರುವಾಗುತ್ತದೆ. ತನ್ನನ್ನು ಹಳ್ಳಿಯ ರೈತ ಎಂದು ಕರೆದುಕೊಳ್ಳುವುದು ವೆರ್ಡಿಗೂ ಇಷ್ಟವಿತ್ತು. ಆದರೆ ಅವನಪ್ಪ ಬುಸೆಟೊ ಊರಿನ ಹತ್ತಿರದ ಲೆ ರೊಂಕೊಲೆಯಲ್ಲಿ ದಾರಿಹೋಕರ ಸಣ್ಣ ತಂಗುಮನೆಯನ್ನೂ ಅಂಗಡಿಯನ್ನೂ ನಡೆಸುತ್ತಿದ್ದ, ಮಗನಿಗೆ ಸ್ಪಿನೆಟ್ ಎಂಬ ಪುಟ್ಟ ಕೀಲಿಮಣೆ ವಾದ್ಯ ಕೊಡಿಸುವಷ್ಟು ಕೈಯಲ್ಲಿತ್ತು. ಆ ಸ್ಪಿನೆಟ್ ಇವತ್ತಿಗೂ ಇದೆ. ಅದನ್ನು ರಿಪೇರಿ ಮಾಡಿದ ಸ್ಟೆಫಾನೊ ಕವಲೆಟ್ಟಿ ಎಂಬವನು ಒಳಗಿನ ಹಾಳಾದ ಭಾಗಗಳನ್ನು ಹೊಸದಾಗಿ ಮಾಡಿ, ತೊಗಲು ಹಚ್ಚಿ, ಪೆಡಲನ್ನೂ ಕೂರಿಸಿ, ದುಡ್ಡು ಮುಟ್ಟಲಿಲ್ಲ. ಹುಡುಗನ ಕಲಿಯುವ ಆಸಕ್ತಿಯೇ ತನಗೆ ಕೂಲಿ ಎಂದು ವಾದ್ಯದೊಳಗೇ ಬರೆದಿಟ್ಟ. ಇಸವಿ 1821. ಇಂಥದ್ದೊಂದು ಕೈಲಿರುವಾಗ ‘ಬಡ ರೈತನ ಮಗ’ ಯಾಕೆ ಬೇಕು ಹೇಳು?

ಮಿಲಾನಿನ ಸಂಗೀತ ಶಾಲೆ 1832ರಲ್ಲಿ ಅವನನ್ನು ‘ಪ್ರತಿಭೆಯಿಲ್ಲವೆಂದು’ ತಿರಸ್ಕರಿಸಿತು ಎನ್ನುವುದೂ ಸರಿಯಲ್ಲ. ವಯಸ್ಸು ಮೀರಿತ್ತು, ಹೊರಗಿನ ರಾಜ್ಯದವನು, ಪಿಯಾನೊ ಮೇಲೆ ಕೈ ಇಡುವ ರೀತಿ ಸರಿಯಿರಲಿಲ್ಲ. ಶಿಸ್ತಾಗಿ ಕಲಿತರೆ ಒಳ್ಳೆಯ ಸಂಯೋಜಕನಾದಾನು ಎಂದೇ ಪರೀಕ್ಷಕ ಬರೆದಿದ್ದ. ಆದರೂ ವೆರ್ಡಿ ಆ ಅರ್ಜಿಯನ್ನು ‘ತಿರಸ್ಕೃತ’ ಎಂದು ಗುರುತು ಹಾಕಿ ಕೊನೆತನಕ ಕಾಪಿಟ್ಟುಕೊಂಡ. ಅವನ ಸ್ವಭಾವ ತಿಳಿಯಬೇಕಾದರೆ ಇದನ್ನು ಬಿಡಬೇಡ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು. ‘ಮ್ಯಾಕ್‌ಬೆತ್’ಗೆ ನೀನು ಕೊಟ್ಟದ್ದು ಒಂದೂವರೆ ಸಾಲು. ನಾನಾಗಿದ್ದರೆ ಲೇಖನದ ಅರ್ಧ ಅಲ್ಲೇ ಕಳೆಯುತ್ತಿದ್ದೆ. ಅದು ಮೊದಲು ರಂಗಕ್ಕೇರಿದ್ದು 1847ರ ಮಾರ್ಚ್‌ನಲ್ಲಿ, ಫ್ಲಾರೆನ್ಸ್‌ನಲ್ಲಿ. ಲೇಡಿ ಮ್ಯಾಕ್‌ಬೆತ್ ಪಾತ್ರದ ಮರಿಯಾನಾ ಬಾರ್ಬಿಯೇರಿ-ನೀನಿ, ನಿದ್ದೆಯಲ್ಲಿ ನಡೆಯುವ ದೃಶ್ಯಕ್ಕಾಗಿ, ತುಟಿ ಅಲ್ಲಾಡಿಸದೆ ನಿದ್ದೆಗಣ್ಣಲ್ಲಿ ಮಾತಾಡುವವರನ್ನು ಅನುಕರಿಸುತ್ತ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದಳು. ಕೊಲೆಯಾದ ಮೇಲಿನ ಗಂಡ–ಹೆಂಡಿರ ಯುಗಳಗೀತೆ ಹಾಡಿನಂತೆ ಕೇಳಿಸಬಾರದು, ಮಾತಿನಂತೆ ಕೇಳಿಸಬೇಕು ಎಂದು ವೆರ್ಡಿಯ ಹಟ. ಅದೊಂದನ್ನೇ ನೂರೈವತ್ತಕ್ಕೂ ಹೆಚ್ಚು ಸಲ ತಾಲೀಮು ಮಾಡಿಸಿದ ಎಂದು ಆಕೆ ಮುಂದೆ ನೆನೆಸಿಕೊಂಡಳು. ‘ಆಕೆ ಹೇಳುವಂತೆ’ ಎಂದು ಸೇರಿಸಿಯೇ ಬರಿ. ಮರುವರ್ಷ ನೇಪಲ್ಸ್‌ನಲ್ಲಿ ಅದೇ ಪಾತ್ರಕ್ಕೆ ಟಡೊಲೀನಿ ಎಂಬ ಗಾಯಕಿಯನ್ನು ಆರಿಸಿದಾಗ, ವೆರ್ಡಿ ಕವಿ ಕಮ್ಮರಾನೊಗೆ ಕಾಗದ ಬರೆದು ಆಕ್ಷೇಪಿಸಿದ. ಆಕೆಯ ರೂಪವೂ ಕಂಠವೂ ಅತಿ ಚೆಂದ; ನನ್ನ ಲೇಡಿ ಮ್ಯಾಕ್‌ಬೆತ್ ಕುರೂಪಿಯಾಗಿರಬೇಕು, ಕಂಠ ಒರಟಾಗಿ, ಬಿಗಿದಂತೆ, ಟೊಳ್ಳಾಗಿ ಕೇಳಬೇಕು ಎಂಬುದು ಅವನ ವಾದ. ಇಟಲಿಯೆಲ್ಲ ಇಂಪಾದ ಕಂಠಕ್ಕೆ ಮನಸೋಲುತ್ತಿದ್ದ ಕಾಲ ಅದು. ಷೇಕ್ಸ್‌ಪಿಯರನ ನಾಟಕ ಬಲ್ಲ ಕನ್ನಡ ಓದುಗರಿಗೆ ಈ ಮಾತು ಥಟ್ಟನೆ ಹಿಡಿಸುತ್ತದೆ.

‘ರಿಗೊಲೆಟ್ಟೊ’ ಹಿಂದಿನ ಜಗಳವೂ ಅಷ್ಟೇ ಬೆಲೆಯುಳ್ಳದ್ದು. ವೆನಿಸ್ ಆಗ ಆಸ್ಟ್ರಿಯಾದ ಕೈಯಲ್ಲಿತ್ತು. ವಿಕ್ಟರ್ ಹ್ಯೂಗೊನ ನಾಟಕದ ಲಂಪಟ ರಾಜ, ಗೂನುಬೆನ್ನಿನ ವಿದೂಷಕ, ಚೀಲದಲ್ಲಿ ಕಟ್ಟಿ ತರುವ ದೇಹ, ಇದು ಯಾವುದೂ ಸೆನ್ಸಾರಿನವರಿಗೆ ಬೇಡವಾಗಿತ್ತು. 1850ರ ಡಿಸೆಂಬರ್‌ನ ಕಾಗದದಲ್ಲಿ ವೆರ್ಡಿ ಕೇಳುತ್ತಾನೆ: ಚೀಲ ಇದ್ದರೆ ಪೊಲೀಸರಿಗೇನು ತೊಂದರೆ? ಹೊರಗೆ ವಿಕಾರ, ಒಳಗೆ ಪ್ರೀತಿ ತುಂಬಿದ ಮನುಷ್ಯನನ್ನು ತೋರಿಸುವುದಕ್ಕೆಂದೇ ಈ ಕಥೆ ಆರಿಸಿಕೊಂಡೆ, ಅದನ್ನೇ ತೆಗೆದರೆ ಸಂಗೀತ ಬರೆಯಲಾರೆ. ಕೊನೆಗೆ ಫ್ರಾನ್ಸಿನ ರಾಜ ಹೋಗಿ ಮಾಂಟುವಾದ ಡ್ಯೂಕ್ ಬಂದ. ಗೂನು ಉಳಿಯಿತು, ಚೀಲವೂ ಉಳಿಯಿತು. ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಜಪ್ಪಯ್ಯ ಅಂದರೂ ಬಿಡಬಾರದು ಎಂದು ಅವನಿಗೆ ಸ್ಪಷ್ಟವಿತ್ತು. ನಾಟಕ, ಸಿನಿಮಾ ಬರೆಯುವ ನಮ್ಮ ಹುಡುಗರೆಲ್ಲ ಈ ಕಾಗದ ಓದಬೇಕು ಅನ್ನಿಸುತ್ತದೆ ನನಗೆ.

ಜುಸೆಪ್ಪಿನಾ ಸ್ಟ್ರೆಪ್ಪೋನಿಯನ್ನು ‘ಎರಡನೆಯ ಹೆಂಡತಿ’ ಎಂದಷ್ಟೇ ಹೇಳಿ ಮುಗಿಸಿದ್ದೀಯ. ‘ನಬುಕ್ಕೊ’ದ ಅಬಿಗೈಲೆ ಎಂಬ ಪಾತ್ರವನ್ನು ಮೊದಲು ಹಾಡಿದವಳು ಅವಳೇ. 1859ರಲ್ಲಿ ಮದುವೆಯಾಗುವ ಮೊದಲು ವರ್ಷಗಟ್ಟಲೆ ಇಬ್ಬರೂ ಒಟ್ಟಿಗಿದ್ದರು, ಊರೆಲ್ಲ ಆಡಿಕೊಂಡಿತು. ಅವನನ್ನು ಓದಿಸಿ ಸಾಕಿದ ಮೊದಲ ಮಾವ ಬಾರೆಟ್ಸಿಗೂ ಇರಿಸುಮುರಿಸಾಯಿತು. ಅವಳೂ ನಾನೂ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ ಎಂದು 1852ರಲ್ಲಿ ವೆರ್ಡಿ ಆ ಮಾವನಿಗೇ ಬರೆದ. ಮುಂದಿನ ವರ್ಷ ಬಂದದ್ದು, ಸಮಾಜ ಒಪ್ಪದ ಹೆಣ್ಣಿನ ಕಥೆಯ ‘ಲಾ ಟ್ರಾವಿಯಾಟಾ’. ಇವೆರಡನ್ನೂ ಅಕ್ಕಪಕ್ಕ ಇಡು, ಇದರಿಂದ ಅದು ಹುಟ್ಟಿತು ಎಂದು ಮಾತ್ರ ತೀರ್ಪು ಕೊಡಬೇಡ. ವೆನಿಸ್‌ನಲ್ಲಿ ಅದರ ಮೊದಲ ಪ್ರದರ್ಶನ ಸೋತಾಗ, ತಪ್ಪು ನನ್ನದೋ ಹಾಡುವವರದೋ ಕಾಲವೇ ಹೇಳುತ್ತದೆ ಎಂದು ಗೆಳೆಯನಿಗೆ ಬರೆದ. ಅಲ್ಲಲ್ಲಿ ತಿದ್ದಿ ಮರುವರ್ಷ ಅದೇ ವೆನಿಸ್‌ನ ಇನ್ನೊಂದು ರಂಗಮಂದಿರದಲ್ಲಿ ಆಡಿಸಿದಾಗ ಗೆದ್ದಿತು.

‘ಐಡಾ’ ಬಗ್ಗೆ ನೀನು ಬರೆದದ್ದು ಹೆಚ್ಚಾಯಿತು, ಆನೆ ಒಂಟೆಗಳ ವರ್ಣನೆಯನ್ನೆಲ್ಲ ತೆಗೆ. 1871ರಲ್ಲಿ ಕೈರೋದಲ್ಲಿ ನಡೆದ ಅದರ ಮೊದಲ ಪ್ರದರ್ಶನಕ್ಕೆ ವೆರ್ಡಿ ಹೋಗಿರಲೇ ಇಲ್ಲ. ಉಳಿದ ಜಾಗವನ್ನು ಮುಪ್ಪಿನ ಕಾಲಕ್ಕೆ ಕೊಡು. ‘ಐಡಾ’ ಆಗಿ ಹದಿನೈದು ವರ್ಷ ದಾಟಿದ ಮೇಲೆ, 1887ರಲ್ಲಿ, ‘ಒಥೆಲ್ಲೊ’ ಬಂತು. 1893ರಲ್ಲಿ, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ‘ಫಾಲ್‌ಸ್ಟಾಫ್’. ಯೌವನದಲ್ಲಿ ನೆಲಕಚ್ಚಿದ ಆ ಹಾಸ್ಯದ ಒಪೆರಾ ಬಿಟ್ಟರೆ ಅವನು ಬರೆದ ಹಾಸ್ಯ ಇದೊಂದೇ. ‘ಒಥೆಲ್ಲೊ’, ‘ಫಾಲ್‌ಸ್ಟಾಫ್’ ಎರಡಕ್ಕೂ ಪಠ್ಯ ಬರೆದವನು ಅರಿಗೊ ಬೊಯಿಟೊ, ವೆರ್ಡಿಗಿಂತ ಸುಮಾರು ಮೂವತ್ತು ವರ್ಷ ಚಿಕ್ಕವನು. ಅವರ ಪತ್ರವ್ಯವಹಾರ ಇಂಗ್ಲಿಷಿನಲ್ಲಿ ಸಿಗುತ್ತದೆ, ಹುಡುಕಿ ಓದು.

ಕೊನೆಯಲ್ಲಿ ಅವನ ಶವಯಾತ್ರೆಯ ಜನಸಾಗರವನ್ನು ಬರೆದಿದ್ದೀಯ, ಇರಲಿ. ಜೊತೆಗೆ, ಮಿಲಾನಿನಲ್ಲಿ ಕೈಯಲ್ಲಿ ಕಾಸಿಲ್ಲದ ಮುದಿ ಸಂಗೀತಗಾರರಿಗೆಂದು ಅವನು ಕಟ್ಟಿಸಿದ ಮನೆಯನ್ನೂ ಸೇರಿಸು. ಯಾರೂ ಬಂದು ಕೃತಜ್ಞತೆ ಹೇಳಬಾರದೆಂದು, ತಾನು ಬದುಕಿರುವತನಕ ಅದನ್ನು ತೆರೆಯಲು ಬಿಡಲಿಲ್ಲ. ಅವನು 1901ರ ಜನವರಿಯಲ್ಲಿ ತೀರಿಕೊಂಡ, ಮನೆಯ ಬಾಗಿಲು ತೆರೆದದ್ದು 1902ರಲ್ಲಿ. ಅವನ ಕೃತಿಗಳ ರಾಯಧನದಿಂದ ಎಷ್ಟೋ ವರ್ಷ ಅದು ನಡೆಯಿತು.

ತಿದ್ದಿದ ಪ್ರತಿ ಕಳಿಸು, ಆತುರವೇನಿಲ್ಲ. ಕಳಿಸುವ ಮೊದಲು ‘ಮ್ಯಾಕ್‌ಬೆತ್’ನ ಆ ಯುಗಳಗೀತೆಯನ್ನು ಕೇಳಿ, ಕಿವಿಗೆ ಬಿದ್ದದ್ದನ್ನು ನಿನ್ನದೇ ಮಾತಿನಲ್ಲಿ ಒಂದು ಪುಟ ಬರೆದು ಸೇರಿಸು. ಆ ಪುಟವನ್ನೇ ಮೊದಲು ಓದುತ್ತೇನೆ.

ಆಶೀರ್ವಾದಗಳೊಂದಿಗೆ,
ನಿನ್ನ ಅಕ್ಕ