ಎಲೆ ಎಲ್ಲಿ ಹೋಯಿತು? – ಏಳನೇ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಏಳನೇ ತರಗತಿಯಲ್ಲಿ ಈಗ ಪರಿಸರ ವ್ಯವಸ್ಥೆಯ ಪಾಠ ನಡೆಯುತ್ತಿದೆ. ಆಹಾರ ಸರಪಳಿ ಬರೆದು ಬಾಣದ ಗುರುತು ಹಾಕುವುದನ್ನು ಮಕ್ಕಳು ಬೇಗ ಕಲಿತರು. ಆದರೆ ಆ ಬಾಣದ ಗುಂಟ ಸಾಗುವುದು ಏನೆಂದು ಕೇಳಿದಾಗ ತಡವರಿಸಿದರು. ಸಾಗುವವು ಎರಡು, ದ್ರವ್ಯ ಮತ್ತು ಶಕ್ತಿ. ದ್ರವ್ಯ ಸುತ್ತಿ ಬಂದು ಮಣ್ಣನ್ನೂ ಗಾಳಿಯನ್ನೂ ಮತ್ತೆ ಸೇರುತ್ತದೆ. ಶಕ್ತಿ ಹಾಗೆ ಮರಳುವುದಿಲ್ಲ. ಈ ವ್ಯತ್ಯಾಸವನ್ನು ಮಕ್ಕಳು ಬಾಯಿಪಾಠ ಮಾಡದೆ ಕಣ್ಣಾರೆ ಕಾಣಲಿ ಎಂಬ ಆಸೆಯಿಂದ ತಮಗೆ ಬರೆಯುತ್ತಿದ್ದೇನೆ.

ಕಳೆದ ವಾರ ಶಾಲೆಯ ಹಲಸಿನ ಮರದಡಿ ದರಕನ್ನು (ಉದುರಿ ಬಿದ್ದ ಒಣ ಎಲೆಗಳನ್ನು) ಪದರ ಪದರವಾಗಿ ಸರಿಸಿ ನೋಡಿದೆವು. ಮೇಲೆ ಒಣಗಿದ ಇಡೀ ಎಲೆಗಳು, ಅದರಡಿ ನರಗಳಷ್ಟೇ ಉಳಿದು ಬಲೆಯಂತಾದ ಎಲೆಗಳು, ಅವುಗಳ ನಡುವೆ ಶಿಲೀಂಧ್ರದ ಬಿಳಿ ಎಳೆಗಳು, ಕೊನೆಗೆ ಎರೆಹುಳು ಆಡಿದ ಕಪ್ಪು ಮಣ್ಣು. "ಟೀಚರ್, ಎಲೆ ಎಲ್ಲಿ ಹೋಯಿತು?" ಎಂದು ಒಬ್ಬ ಬಾಲಕಿ ಕೇಳಿದಳು. ಅದರ ಒಂದು ಪಾಲು ಆ ಜೀವಿಗಳ ಮೈಯಾಯಿತು, ಒಂದು ಪಾಲು ಬೇರಿಗೆ ಸಿಗುವ ಲವಣವಾಯಿತು, ಬಹುಪಾಲು ಅವು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಸೇರಿತು. ಹೊಸ ಚಿಗುರು ಅದನ್ನೇ ಹೀರಿ ಬೆಳೆಯುತ್ತದೆ. ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ಕುಂಡದಲ್ಲಿ ಐದು ವರ್ಷ ಬೆಳೆಸಿದ ವಿಲೋ ಗಿಡ 169 ಪೌಂಡ್ (ಸುಮಾರು 77 ಕಿಲೋ) ತೂಗಿತು, ಕುಂಡದ ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸ್ (ಸುಮಾರು 57 ಗ್ರಾಂ) ಮಾತ್ರ. ಅದರ ವಿವರ 1648ರಲ್ಲಿ ಪ್ರಕಟವಾಯಿತು. ಎಲ್ಲವೂ ನೀರಿನಿಂದ ಬಂತೆಂದು ಅವರು ತಿಳಿದರು. ಗಾಳಿಯ ಪಾಲು ಆಮೇಲೆ ತಿಳಿದುಬಂತು.

ಶಕ್ತಿಯನ್ನು ಕಾಣಲು ಮನೆಯ ಗೊಬ್ಬರಗುಂಡಿಯೇ ಸಾಕು. ಬೆಳಗಿನ ಚಳಿಯಲ್ಲಿ ಹಸಿಗೊಬ್ಬರದೊಳಗೆ ಆಳವಾಗಿ ಕೋಲು ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಹೊರತೆಗೆದು, ಅದರ ತುದಿಯನ್ನು ಮಕ್ಕಳಿಗೆ ಮುಟ್ಟಿಸಿ. ಸೊಪ್ಪಿನ ಬೆಟ್ಟದ (ಗೊಬ್ಬರಕ್ಕೆ ಸೊಪ್ಪು ತರುವ ಕಾಡಿನ) ಎಲೆ ಹಿಡಿದಿಟ್ಟಿದ್ದ ಬಿಸಿಲೇ ಸೂಕ್ಷ್ಮಜೀವಿಗಳ ಉಸಿರಾಟದಿಂದ ಬಿಸಿಯಾಗಿ ಹೊರಬೀಳುತ್ತಿರುತ್ತದೆ, ಆ ಬಿಸಿಯನ್ನು ಯಾವ ಗಿಡವೂ ಮತ್ತೆ ಆಹಾರವಾಗಿಸಲಾರದು. ಹುಲ್ಲಿನಿಂದ ಮಿಡತೆಗೆ, ಮಿಡತೆಯಿಂದ ಕಪ್ಪೆಗೆ, ಕಪ್ಪೆಯಿಂದ ಹಾವಿಗೆ ಹೋಗುವಾಗಲೂ ಹೀಗೆಯೇ. ಒಂದು ಹಂತದಿಂದ ಮುಂದಿನದಕ್ಕೆ ದಾಟುವುದು ಸ್ಥೂಲವಾಗಿ ಹತ್ತರಲ್ಲಿ ಒಂದು ಪಾಲು. ಗದ್ದೆಯಲ್ಲಿ ಮಿಡತೆ ಲೆಕ್ಕವಿಲ್ಲದಷ್ಟಿದ್ದು ಹಾವು ಅಪರೂಪವಾಗಲು ಇದೊಂದು ಮುಖ್ಯ ಕಾರಣ.

ತಮ್ಮಲ್ಲಿ ಒಂದು ವಿನಂತಿ. ಅಂಗಳದ ದರಕನ್ನು ಗುಡಿಸಿ ಬೆಂಕಿ ಹಚ್ಚಬೇಡಿ. ಬೂದಿಯಲ್ಲಿ ಪೊಟ್ಯಾಷ್ ಉಳಿದರೂ ಸಾರಜನಕದ ಬಹುಪಾಲು ಹೊಗೆಯೊಡನೆ ಹೋಗಿಬಿಡುತ್ತದೆ, ಮಣ್ಣಿನ ಜೀವಿಗಳಿಗೆ ಸಿಗಬೇಕಾದ ತುತ್ತೂ ತಪ್ಪುತ್ತದೆ. ಬರುವ ಸೋಮವಾರ ಪ್ರತಿ ಮಗುವಿನ ಕೈಯಲ್ಲಿ ಒಂದು ಚೀಲ ದರಕು, ಒಂದು ಖಾಲಿ ಬಿಸ್ಕತ್ತಿನ ಪೊಟ್ಟಣ ಕಳುಹಿಸಿಕೊಡಿ. ಎರಡನ್ನೂ ಬೇರೆ ಬೇರೆ ಗುಂಡಿಯಲ್ಲಿ ಹೂತು ಮೂರು ತಿಂಗಳ ನಂತರ ತೆಗೆದು ನೋಡಲಿದ್ದೇವೆ; ಆ ದಿನ ತಾವೂ ಬಂದರೆ ಮಕ್ಕಳಿಗೆ ಸಂತೋಷ. ದರಕಿನಡಿ ಹಾವು, ಚೇಳು ಇರಬಹುದಾದ್ದರಿಂದ ಅದನ್ನು ಒಟ್ಟುಮಾಡುವಾಗ ಹಿರಿಯರು ಜೊತೆಗಿರಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ