ಹಳೆಯ ನೋಟ್‌ಬುಕ್ಕನ್ನು ಸದ್ಯಕ್ಕೆ ಮುಚ್ಚಿಡು

ಪ್ರೀತಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಮೂರು ವರ್ಷಗಳ ಮೇಲೆ ಮತ್ತೆ ಭಾರ ಎತ್ತಲು ಮನಸ್ಸು ಮಾಡಿದ್ದೀಯ ಎಂದು ಓದಿ ಬಹಳ ಸಂತೋಷವಾಯಿತು. ವಾರಕ್ಕೆ ಎರಡು ದಿನ, ದಿನಕ್ಕೆ ಅರ್ಧ ಗಂಟೆ, 10 ಕಿಲೋದ ಒಂದು ಜೊತೆ ಡಂಬೆಲ್, ಒಂದು ಬೆಂಚು, ಇಷ್ಟರಲ್ಲಿ ಏನಾದೀತು ಎಂದು ಕೇಳಿದ್ದೀಯ. ಬೇಕಾದಷ್ಟು ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಯಸ್ಕರಿಗೆ ಸ್ನಾಯುಬಲದ ವ್ಯಾಯಾಮ ವಾರಕ್ಕೆ ಕನಿಷ್ಠ ಎರಡು ದಿನವಿರಲಿ ಎಂದೇ ಹೇಳುತ್ತದೆ. ನನಗಿರುವ ಅಳುಕು ಹಿಂದೆ ಎತ್ತುತ್ತಿದ್ದ ಭಾರಗಳನ್ನು ಬರೆದಿಟ್ಟ ನಿನ್ನ ಹಳೆಯ ನೋಟ್‌ಬುಕ್ಕಿನದು.

ನಾನೂ ಹೀಗೆಯೇ ಎರಡು ವರ್ಷ ಬಿಟ್ಟು ಮರಳಿದಾಗ, ನನ್ನ ಅಂಥದ್ದೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿದ್ದ ಅಂಕಿಗಳನ್ನು ಆದಷ್ಟು ಬೇಗ ಮುಟ್ಟಬೇಕೆಂಬ ಹಟಕ್ಕೆ ಬಿದ್ದೆ. ಒಂದು ತಿಂಗಳು ಎಲ್ಲವೂ ಸಲೀಸಾಗಿ ನಡೆಯಿತು. ಸೊರಗಿದ್ದ ತೋಳು ತುಂಬಿಕೊಂಡಿತು, ವಾರವಾರವೂ ಭಾರ ಏರಿಸಿದೆ. ಐದನೆಯ ವಾರದ ಒಂದು ಸಂಜೆ ಬಾಗಿಲ ಬೀಗಕ್ಕೆ ಕೀಲಿ ಹಾಕಿ ತಿರುಗಿಸುವಾಗ ಮೊಣಕೈಯ ಒಳಬದಿಯಲ್ಲಿ ಸೂಜಿ ಚುಚ್ಚಿದಂತಾಗಿ ಕೈ ತಾನಾಗಿ ಹಿಂದಕ್ಕೆ ಬಂತು. ಆ ನೋವು ಹೋಗಲು ನಾಲ್ಕು ತಿಂಗಳು ಬೇಕಾಯಿತು.

ಕಾರಣ ಆಮೇಲೆ ತಿಳಿಯಿತು. ಸ್ನಾಯು ಬೆಳೆಯುವಾಗ ಅದರ ಎಳೆಗಳೊಳಗೆ ಹೊಸ ಕೋಶಕೇಂದ್ರಗಳು ಸೇರಿಕೊಳ್ಳುತ್ತವೆ. ಮುಂದೆ ಸ್ನಾಯು ಸೊರಗಿದರೂ ಅವು ಉಳಿದುಕೊಳ್ಳುತ್ತವೆ ಎಂಬುದನ್ನು ಓಸ್ಲೋ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಇಲಿಗಳಲ್ಲಿ ತೋರಿಸಿದರು. ಮನುಷ್ಯರ ವಿಷಯದಲ್ಲಿ ಚರ್ಚೆ ಮುಗಿದಿಲ್ಲವಾದರೂ, ಒಮ್ಮೆ ಪಳಗಿದ ಸ್ನಾಯು ಎರಡನೆಯ ಸಲ ಬೇಗ ಮರಳುವುದನ್ನು ನಾವಿಬ್ಬರೂ ಕಂಡವರೇ. ಆದರೆ ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುವಿಗೆ ರಕ್ತದ ಹರಿವು ಕಡಿಮೆ, ಅದು ಗಟ್ಟಿಯಾಗುವುದು ನಿಧಾನ. ತೋಳು ಸಿದ್ಧವಾಯಿತೆಂದು ನಾನು ಭಾರ ಏರಿಸಿದಾಗ ಮೊಣಕೈ ಇನ್ನೂ ಸಿದ್ಧವಾಗಿರಲಿಲ್ಲ.

ಆದ್ದರಿಂದ ಮೊದಲ ಮೂರು ವಾರ, ಇನ್ನೂ ಮೂರು ನಾಲ್ಕು ಸಲ ಎತ್ತಬಲ್ಲೆ ಎನಿಸುವಾಗಲೇ ಡಂಬೆಲ್ ಕೆಳಗಿಡು. ಮರುದಿನ ಮೈಕೈ ನೋಯುವುದು ಸಹಜ, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಅಪರೂಪಕ್ಕೆ, ಮಿತಿಮೀರಿ ದಣಿದ ಮೇಲೆ ಸಹಿಸಲಾಗದಷ್ಟು ನೋವು, ಬಾವು ಬಂದು ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಒಂದು ಗಳಿಗೆಯೂ ತಡಮಾಡದೆ ವೈದ್ಯರ ಬಳಿ ಹೋಗು.

ಇನ್ನು ಆ 10 ಕಿಲೋ ಸಾಲದೆಂಬ ನಿನ್ನ ಚಿಂತೆ. ಎರಡೂ ಕಾಲಲ್ಲಿ ಬಸ್ಕಿ ಹೊಡೆದರೆ ಅದು ನಿನಗೆ ಹಗುರವೇ ಸರಿ. ಒಂದು ಕಾಲನ್ನು ಹಿಂದೆ ಬೆಂಚಿನ ಮೇಲಿಟ್ಟು, ಮುಂದಿನ ಕಾಲಿನ ಮೇಲೆ ನಾಲ್ಕು ಎಣಿಸುತ್ತಾ ಇಳಿದು, ತಳದಲ್ಲಿ ಒಂದು ಕ್ಷಣ ನಿಂತು ಮೇಲೇಳು. ಎಂಟನೆಯದಕ್ಕೆ ತೊಡೆ ನಡುಗತೊಡಗುತ್ತದೆ. ಹಗುರ ಭಾರವನ್ನೂ ಇನ್ನೇನು ಆಗದು ಎನ್ನುವ ಹಂತದ ಹತ್ತಿರಕ್ಕೆ ಒಯ್ದರೆ ಸ್ನಾಯು ಬೆಳೆಯುತ್ತದೆ. ಒಂದೇ ಸಲಕ್ಕೆ ಗರಿಷ್ಠ ಭಾರ ಎತ್ತುವ ಶಕ್ತಿಗೆ ಮಾತ್ರ ಹೆಚ್ಚು ತೂಕವೇ ಬೇಕು, ಅದು ಸದ್ಯಕ್ಕೆ ಬೇಡ. ಹಗುರ ಭಾರವನ್ನು ಆ ಹಂತಕ್ಕೆ ಒಯ್ಯುವುದು ಕೂಡ ನಾಲ್ಕನೆಯ ವಾರದಿಂದ ಸಾಕು.

ಸಮಯ ಉಳಿಸಲು ನನಗೆ ಒಗ್ಗಿದ ದಾರಿಯೆಂದರೆ ಎದೆಯ ಕೆಲಸಕ್ಕೆ ಬೆನ್ನಿನ ಕೆಲಸವನ್ನು ಜೋಡಿಸುವುದು. ಒಂದು ಸುತ್ತು ದಂಡ ಹೊಡೆದು, ಒಂದು ನಿಮಿಷ ಬಿಟ್ಟು, ಬೆಂಚಿಗೆ ಕೈಯೂರಿ ಬಗ್ಗಿ ಡಂಬೆಲ್ಲನ್ನು ಸೊಂಟದ ಕಡೆಗೆ ಎಳೆದುಕೊಳ್ಳುತ್ತೇನೆ. ಬೆನ್ನು ದುಡಿಯುವಾಗ ಎದೆಗೆ ವಿಶ್ರಾಂತಿ. ಮೂರು ಸುತ್ತಿಗೆ ಹತ್ತು ಹನ್ನೆರಡು ನಿಮಿಷ ಸಾಕು. ಮೈ ಬಿಸಿಯಾಗಲು ಮೊದಲ ಐದು ನಿಮಿಷವನ್ನು ಮಾತ್ರ ಎಂದೂ ಕತ್ತರಿಸಬೇಡ.

ಮೊದಲ ವಾರ ಮುಗಿದ ಮೇಲೆ, ಹಿಂದೆ ನೋಯುತ್ತಿದ್ದ ಬಲ ಮೊಣಕಾಲು ಮೆಟ್ಟಿಲಿಳಿಯುವಾಗ ಹೇಗಿದೆ ಎಂದು ಬರೆ. ಎಷ್ಟು ಎತ್ತಿದೆ ಎಂಬುದನ್ನು ಆಮೇಲೆ ಕೇಳುತ್ತೇನೆ.

ಇಂತಿ ನಿನ್ನ ಗೆಳೆಯ