ಆಟದ ರೈಲಿನ ಹಳಿಯ ಮೇಲೊಂದು ರೂಪಾಯಿ ನಾಣ್ಯ

ಮಾನ್ಯ ಸಂಪಾದಕರೇ,

ಕಳೆದ ಚಳಿಗಾಲದಲ್ಲಿ ದಾವಣಗೆರೆಯ ಶಾಲೆಯೊಂದರ ವಿಜ್ಞಾನ ವಸ್ತುಪ್ರದರ್ಶನಕ್ಕೆ ಮೊಮ್ಮಗನ ಜೊತೆ ಹೋಗಿದ್ದೆ. ಎಂಟನೆಯ ತರಗತಿಯ ಮೂವರು ಹುಡುಗರು ಥರ್ಮಕೋಲಿನಲ್ಲಿ ಚಿತ್ರದುರ್ಗದ ಕೋಟೆಯನ್ನು ಕೊರೆದು, ಅದರ ಬುಡದಲ್ಲಿ ಎಚ್‌ಒ ಅಳತೆಯ, ಅಂದರೆ ನಿಜವಾದ ರೈಲಿನ 87ನೇ ಒಂದು ಪಾಲಿನಷ್ಟಿರುವ, ವಿದ್ಯುತ್ ರೈಲನ್ನು ಓಡಿಸುತ್ತಿದ್ದರು. ಹಳಿ ಕವಲೊಡೆಯುವ ಪಾಯಿಂಟ್ ದಾಟುವಾಗ ಒಂದು ಡಬ್ಬಿ ಹಳಿ ತಪ್ಪಿ ಅಡ್ಡಲಾಗಿ ನಿಂತಿತು, ಎಂಜಿನ್ ತಟಸ್ಥವಾಯಿತು. ಹುಡುಗರು ಎಂಜಿನ್ನನ್ನು ಎತ್ತಿ, ತಿರುವಿ, ಊದಿ ನೋಡುತ್ತಿರುವಾಗಲೇ ಮೇಜಿನ ಕೆಳಗಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ, ಹಿಂದೆಯೇ ಹೊಗೆ. ಶಿಕ್ಷಕರೊಬ್ಬರು ಓಡಿ ಬಂದು ಪ್ಲಗ್ ಕಿತ್ತರು. ಯಾರಿಗೂ ಏನೂ ಆಗಲಿಲ್ಲ. ಕೋಟೆಯ ಒಂದು ಬುರುಜು ಮಾತ್ರ ಅಂಗೈಯಗಲ ಕರಗಿತ್ತು. ‘ಶಾರ್ಟ್ ಸರ್ಕಿಟ್ ಆಯ್ತು’ ಎಂದು ಒಬ್ಬರು ಹೇಳಿದರು, ಉಳಿದವರು ತಲೆಯಾಡಿಸಿದರು, ಮರುದಿನ ರೈಲು ಓಡಿಸಬಾರದೆಂದು ತೀರ್ಮಾನವಾಯಿತು. ಆ ತೀರ್ಮಾನದ ಬಗ್ಗೆಯೇ ಈ ಪತ್ರ.

ನಾನು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ನಮ್ಮ ಕೆಲಸದಲ್ಲಿ ಎರಡು ಹಳಿಗಳ ನಡುವೆ ಶಾರ್ಟ್ ಆಗುವುದು ದಿನಕ್ಕೆ ಹತ್ತಾರು ಸಲ ನಡೆಯುವ, ನಡೆಯಲೇಬೇಕಾದ ಸಂಗತಿ. ಟ್ರ್ಯಾಕ್ ಸರ್ಕಿಟ್ ಎಂಬ ವ್ಯವಸ್ಥೆಯಲ್ಲಿ ಹಳಿಯ ಒಂದು ಭಾಗದ ಈ ತುದಿಗೆ ಕೆಲವೇ ವೋಲ್ಟಿನ ಬ್ಯಾಟರಿ, ಆ ತುದಿಗೆ ರಿಲೇ (ಕರೆಂಟ್ ಹರಿದಾಗ ಎತ್ತಿಕೊಳ್ಳುವ, ನಿಂತಾಗ ಬೀಳುವ ಸ್ವಿಚ್ಚು) ಇರುತ್ತದೆ. ಹಳಿ ಖಾಲಿಯಿರುವಷ್ಟು ಹೊತ್ತು ರಿಲೇ ಎತ್ತಿಕೊಂಡಿರುತ್ತದೆ, ಗಾಡಿ ಬಂದು ಅದರ ಉಕ್ಕಿನ ಗಾಲಿ ಮತ್ತು ಅಚ್ಚು ಎರಡೂ ಹಳಿಗಳನ್ನು ಕೂಡಿಸಿದೊಡನೆ ರಿಲೇ ಬಿದ್ದು ಸಿಗ್ನಲ್ ಕೆಂಪಾಗುತ್ತದೆ. ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ಪೇಟೆಂಟ್ ಪಡೆದ ಈ ಉಪಾಯದಲ್ಲಿ ಜನರ ಗಮನಕ್ಕೆ ಬಾರದ ಒಂದು ಸಣ್ಣ ವಸ್ತುವಿದೆ. ಬ್ಯಾಟರಿಯ ಪಕ್ಕದಲ್ಲಿ ಒಂದು ರೆಸಿಸ್ಟೆನ್ಸ್ ಕೂತಿರುತ್ತದೆ. ಗಾಡಿ ನಿಂತಷ್ಟು ಹೊತ್ತೂ, ಅದು ಗಂಟೆಗಟ್ಟಲೆ ನಿಂತರೂ, ಬ್ಯಾಟರಿಯಿಂದ ಮಿತಿಮೀರಿದ ಕರೆಂಟ್ ಹರಿಯದಂತೆ ತಡೆಯುವುದು ಅದೇ. ಶಾರ್ಟ್ ಆಗುತ್ತದೆ ಎಂದು ಮೊದಲೇ ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆ ಅದು.

ಆಟದ ರೈಲಿನ ಹಳಿಯೂ ಹಾಗೆಯೇ ಒಪ್ಪಿಕೊಂಡು ಕಟ್ಟಬೇಕಾದದ್ದು. ಅಲ್ಲಿ ಎಂಜಿನ್ನಿಗೆ ವಿದ್ಯುತ್ ಬರುವುದೇ ಎರಡು ಹಳಿಗಳಿಂದ. ಆದ್ದರಿಂದ ಪ್ರತಿ ಅಚ್ಚಿನಲ್ಲೂ ಗಾಲಿಗಳ ನಡುವೆ ಪ್ಲಾಸ್ಟಿಕ್ಕಿನ ತಡೆಯಿಟ್ಟು ಒಂದು ಬದಿಯನ್ನು ಇನ್ನೊಂದರಿಂದ ಬೇರ್ಪಡಿಸಿರುತ್ತಾರೆ. ಎರಡು ಹಳಿಗಳ ನಡುವೆ ಇರುವುದು 16.5 ಮಿಲಿಮೀಟರ್. ಅಷ್ಟು ಕಿರಿದಾದ ಜಾಗದಲ್ಲಿ ಡಬ್ಬಿ ಅಡ್ಡ ಬಿದ್ದರೂ, ಪಾಯಿಂಟಿನ ಕ್ರಾಸಿಂಗಿನಲ್ಲಿ ಅಗಲವಾದ ಗಾಲಿ ಪಕ್ಕದ ಹಳಿಗೆ ತಾಗಿದರೂ, ಹಳಿ ಒಂದು ಕುಣಿಕೆಯಾಗಿ ಸುತ್ತಿಕೊಂಡು ಬಂದು ತನ್ನನ್ನೇ ಸೇರಿದರೂ (ಆಗ ಎಡ ಹಳಿ ಬಲ ಹಳಿಗೆ ಕೂಡುತ್ತದೆ) ಶಾರ್ಟ್ ಆಗದೆ ವಿಧಿಯಿಲ್ಲ. ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಆರಡಿ ಉದ್ದದ ಹಲಗೆಯ ಮೇಲೆ ಇಂಥದೇ ರೈಲಿದೆ. ಒಮ್ಮೆ ಹಳಿಯ ಕಿಲುಬು ತೆಗೆಯಲು ಅಡುಗೆಮನೆಯಿಂದ ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ತಂದು ಉಜ್ಜಿದ್ದೆ. ಹಳಿ ಕನ್ನಡಿಯಂತಾಯಿತು, ಆದರೆ ಕೂದಲಿಗಿಂತ ತೆಳುವಾದ ಒಂದೊಂದು ಎಳೆ ಉದುರಿ, ಮೋಟರಿನ ಆಯಸ್ಕಾಂತ ಅದನ್ನು ಒಳಗೆಳೆದುಕೊಂಡು, ಎಂಜಿನ್ ಎರಡನೆಯ ಸುತ್ತಿನಲ್ಲೇ ಕೆಟ್ಟಿತು. ಇನ್ನೊಂದು ಸಲ, ಏಪ್ರಿಲ್ ತಿಂಗಳ ಒಣ ಬಿಸಿಲಿಗೆ ಹಲಗೆ ಒಣಗಿ ಕುಗ್ಗಿದಾಗ, ಹಳಿಯ ಎರಡು ಭಾಗಗಳ ನಡುವೆ ವಿದ್ಯುತ್ ದಾಟದಿರಲೆಂದು ಮಳೆಗಾಲದಲ್ಲಿ ನಾನು ಗರಗಸದಿಂದ ಕೊಯ್ದು ಬಿಟ್ಟಿದ್ದ ಕೂದಲೆಳೆಯಷ್ಟು ಸಂದು ಮುಚ್ಚಿಹೋಗಿತ್ತು. ಕಾರಣ ಹುಡುಕಲು ನನಗೆ ಎರಡು ದಿನ ಬೇಕಾಯಿತು. ಇಲಾಖೆಯಲ್ಲಿ, ಹಳಿಯ ಎರಡು ತುಂಡುಗಳನ್ನು ವಿದ್ಯುತ್ ದಾಟದಂತೆ ಅಂಟಿನಿಂದ ಕೂಡಿಸುವ ಗ್ಲೂಡ್ ಜಾಯಿಂಟಿನ ಮೇಲೆ ಕಬ್ಬಿಣದ ಪುಡಿ ಕೂತಿದೆಯೇ ಎಂದು ಬಗ್ಗಿ ನೋಡುತ್ತಿದ್ದವನಿಗೆ ಮನೆಯಲ್ಲಿ ಅದು ಹೊಳೆಯಲಿಲ್ಲ. ಈಗ ಸಂದಿನಲ್ಲಿ ಪ್ಲಾಸ್ಟಿಕ್ ಚೂರಿಟ್ಟು ಅಂಟು ಹಾಕಿದ್ದೇನೆ.

ಇಷ್ಟೆಲ್ಲ ಶಾರ್ಟ್ ಆದರೂ ನನ್ನ ಹಲಗೆಯಿಂದ ಹೊಗೆ ಏಳಲಿಲ್ಲ. ಆ ಹುಡುಗರ ಮೇಜಿನಿಂದ ಎದ್ದಿತು. ಬಗ್ಗಿ ನೋಡಿದಾಗ ಕಂಡದ್ದು ಇದು. ವಿದ್ಯುತ್ ಮೂಲವಾಗಿ ಸಿಸಿ ಕ್ಯಾಮೆರಾ ಮತ್ತು ಎಲ್‌ಇಡಿ ದೀಪದ ಪಟ್ಟಿಗಳಿಗೆ ಬಳಸುವ, ಜಾಲರಿಯ ತಗಡಿನ 12 ವೋಲ್ಟ್, 10 ಆಂಪಿಯರ್ ಎಸ್‌ಎಂಪಿಎಸ್ (ಮನೆಯ ವಿದ್ಯುತ್ತನ್ನು ಕಡಿಮೆ ವೋಲ್ಟಿಗೆ ಇಳಿಸುವ ಪೆಟ್ಟಿಗೆ) ಇತ್ತು. ಎಚ್‌ಒ ಅಳತೆಯ ಈಚಿನ ಎಂಜಿನ್ ಸಾಮಾನ್ಯವಾಗಿ ಕೇಳುವುದು ಅರ್ಧ ಆಂಪಿಯರ್‌ಗಿಂತ ಕಡಿಮೆ. ಹಳಿಯವರೆಗೆ ಎಳೆದದ್ದು ದೂರವಾಣಿಗೆ ಬಳಸುತ್ತಿದ್ದ 0.4 ಮಿಲಿಮೀಟರ್ ದಪ್ಪದ ತಾಮ್ರದ ತಂತಿ, ಹೋಗಿಬರುವ ಎರಡೂ ಎಳೆ ಸೇರಿ ಹತ್ತು ಮೀಟರ್ ಇರಬಹುದು. ಅಂಥ ತಂತಿಯ ರೆಸಿಸ್ಟೆನ್ಸ್ ಸುಮಾರು 1.4 ಓಮ್. ಹಳಿಯಲ್ಲಿ ಶಾರ್ಟ್ ಆದಾಗ 12 ವೋಲ್ಟನ್ನು 1.4ರಿಂದ ಭಾಗಿಸಿದರೆ ಹರಿಯುವುದು ಎಂಟೂವರೆ ಆಂಪಿಯರ್. ಹತ್ತು ದಾಟದೆ ಎಸ್‌ಎಂಪಿಎಸ್ ತನ್ನನ್ನು ತಾನು ನಿಲ್ಲಿಸಿಕೊಳ್ಳುವುದಿಲ್ಲ. ಅದರ ಪಾಲಿಗೆ ಎಲ್ಲವೂ ಸರಿಯಾಗಿಯೇ ಇದೆ. ಆದರೆ ನೂರು ವಾಟಿನಷ್ಟು ಶಾಖ ಆ ತೆಳು ತಂತಿಯಲ್ಲೇ ಇಳಿಯಬೇಕು, ತಂತಿಯ ಕಂತೆ ಒತ್ತಿಕೊಂಡಿದ್ದದ್ದು ಥರ್ಮಕೋಲಿಗೆ. ಶಾರ್ಟ್ ಆದದ್ದು ತಪ್ಪಲ್ಲ, ಅದನ್ನು ಕಂಡು ತಡೆಯುವವರು ದಾರಿಯಲ್ಲಿ ಯಾರೂ ಇರಲಿಲ್ಲ ಎಂಬುದು ತಪ್ಪು. ದುಬಾರಿ ಡಿಜಿಟಲ್ ವ್ಯವಸ್ಥೆ ಕೊಂಡವರಿಗೂ ಈ ಮಾತು ಸಲ್ಲುತ್ತದೆ: ಸುಮಾರು 15 ವೋಲ್ಟಿನಲ್ಲಿ 5 ಆಂಪಿಯರ್ ಕೊಡಬಲ್ಲ ಡಿಸಿಸಿ ಬೂಸ್ಟರ್ (ಆ ವ್ಯವಸ್ಥೆಯಲ್ಲಿ ಹಳಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಎಂದರೆ 25 ವಾಟಿನ ಮೂರು ಸೋಲ್ಡರಿಂಗ್ ಐರನ್‌ಗಳ ಶಕ್ತಿ, ಅಷ್ಟೂ ಒಂದೇ ಗಾಲಿಯ ಮೂಲಕ ಹರಿದರೆ ಪ್ಲಾಸ್ಟಿಕ್ಕಿನ ಬೋಗಿ ಸೊಟ್ಟಗಾಗಲು ಹೆಚ್ಚು ಹೊತ್ತು ಬೇಕಿಲ್ಲ.

ನನ್ನ ಹಲಗೆಯಲ್ಲಿ, ಟ್ರ್ಯಾಕ್ ಸರ್ಕಿಟ್ಟಿನ ಬ್ಯಾಟರಿ ಪಕ್ಕದ ಆ ರೆಸಿಸ್ಟೆನ್ಸಿನ ಕೆಲಸ ಮಾಡುವುದು ಆಟೊಮೊಬೈಲ್ ಅಂಗಡಿಯಲ್ಲಿ ಸಿಗುವ 12 ವೋಲ್ಟ್, 21 ವಾಟಿನ ಬ್ರೇಕ್ ಲೈಟ್ ಬಲ್ಬು. ಹಳಿಗೆ ಹೋಗುವ ಒಂದು ತಂತಿಯನ್ನು ಕತ್ತರಿಸಿ ಮಧ್ಯೆ ಇದನ್ನು ಸೇರಿಸಿದರೆ ಸಾಕು. ರೈಲು ಸರಿಯಾಗಿ ಓಡುವಾಗ ಬಲ್ಬು ಬಹುತೇಕ ಕಪ್ಪಾಗಿರುತ್ತದೆ. ಶಾರ್ಟ್ ಆದ ಕ್ಷಣ ಧಗ್ಗನೆ ಹತ್ತಿಕೊಂಡು, ಕರೆಂಟನ್ನು ಒಂದೂಮುಕ್ಕಾಲು ಆಂಪಿಯರ್‌ಗೆ ಹಿಡಿದು ನಿಲ್ಲಿಸುತ್ತದೆ. ‘ಅಜ್ಜಾ, ದೀಪ ಹತ್ತಿತು’ ಎಂದು ಕೂಗುವುದು ಏಳು ವರ್ಷದ ಮೊಮ್ಮಗನಿಗೂ ಬರುತ್ತದೆ. ಒಂದು ಆಂಪಿಯರಿನ ಗಾಜಿನ ಫ್ಯೂಸ್ ಕೂಡ ಆಗಬಹುದು, ಆದರೆ ಶಾಲೆಗೆ ನಾನು ಬಲ್ಬನ್ನೇ ಹೇಳುತ್ತೇನೆ. ಹಾರಿದ ಫ್ಯೂಸಿನ ಜಾಗಕ್ಕೆ ತಂತಿ ಸುತ್ತುವ ವಿದ್ಯೆಯನ್ನು ಮಕ್ಕಳಿಗೆ ಕಲಿಸಿದವರು ನಾವೇ ಅಲ್ಲವೇ? ಬಲ್ಬು ಕೈಸುಡುವಷ್ಟು ಬಿಸಿಯಾಗುವುದರಿಂದ ಅದನ್ನು ಥರ್ಮಕೋಲಿನಿಂದ ದೂರ, ಪಿಂಗಾಣಿ ಅಥವಾ ಲೋಹದ ಹೋಲ್ಡರಿನಲ್ಲಿಟ್ಟು, ಎಲ್ಲರಿಗೂ ಕಾಣುವ ಕಡೆ ನಿಲ್ಲಿಸಬೇಕು. ಮೇಜಿನ ಕೆಳಗೆ ದೂರವಾಣಿ ತಂತಿಯ ಬದಲು ಮನೆಯ ವೈರಿಂಗಿನ 1.5 ಸ್ಕ್ವೇರ್ ಎಂಎಂ ವೈರನ್ನು ಎಳೆದು, ಮೀಟರಿಗೊಂದರಂತೆ ಹಳಿಗೆ ಕವಲು ಕೊಟ್ಟರೆ ರೆಸಿಸ್ಟೆನ್ಸ್ ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಹೊಗೆಗಿಂತ ನನ್ನನ್ನು ಹೆದರಿಸಿದ್ದು ಇನ್ನೊಂದು. ಆ ಎಸ್‌ಎಂಪಿಎಸ್‌ನಲ್ಲಿ 230 ವೋಲ್ಟಿನ ಸ್ಕ್ರೂಗಳೂ 12 ವೋಲ್ಟಿನ ಸ್ಕ್ರೂಗಳೂ ಒಂದೇ ಸಾಲಿನಲ್ಲಿ, ಬೆರಳಗಲ ದೂರದಲ್ಲಿ, ಮುಚ್ಚಳವಿಲ್ಲದೆ ಇದ್ದವು. ಅಂಗಡಿಯಲ್ಲಿ ಮಾರುವ ವಿದ್ಯುತ್ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಮಕ್ಕಳು ತಾವೇ ಕಟ್ಟಿ ತರುವ ಮಾದರಿಗೆ ಅಂಥ ಗುರುತು ಇರುವುದಿಲ್ಲ. ಅದನ್ನು ನೋಡಬೇಕಾದವರು ಶಿಕ್ಷಕರು ಮತ್ತು ಅಂಕ ಕೊಡಲು ಬಂದವರು. ಪೂರ್ತಿ ಮುಚ್ಚಿದ, ಪ್ಲಗ್ಗಿಗೆ ನೇರ ಸಿಕ್ಕಿಸುವ ಒಂದೆರಡು ಆಂಪಿಯರಿನ ಅಡಾಪ್ಟರ್ ಹೊರತು ಬೇರೇನನ್ನೂ ಮೇಜಿನ ಮೇಲೆ ಬಿಡಬಾರದು.

ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಶಾಲೆಗಳಲ್ಲಿ ಮತ್ತೆ ಮೇಜುಗಳು ಸಾಲುಗಟ್ಟುತ್ತವೆ. ಆಟದ ರೈಲನ್ನು ನಿಷೇಧಿಸಬೇಡಿ ಎಂದು ಶಿಕ್ಷಕರಲ್ಲಿ ವಿನಂತಿಸುತ್ತೇನೆ. ಬಾಗಿಲು ತೆರೆಯುವ ಮೊದಲು ಕಿಸೆಯಿಂದ ಒಂದು ರೂಪಾಯಿ ನಾಣ್ಯ ತೆಗೆದು, ಎಂಜಿನ್ನನ್ನು ಎತ್ತಿಟ್ಟು, ವಿದ್ಯುತ್ ಮೂಲಕ್ಕೆ ಹತ್ತಿರ ಒಂದು ಕಡೆ, ಪಾಯಿಂಟಿನ ಆಚೆ ಒಂದು ಕಡೆ, ತೀರಾ ದೂರದ ಮೂಲೆಯಲ್ಲಿ ಒಂದು ಕಡೆ ಎರಡೂ ಹಳಿಗಳಿಗೆ ಅಡ್ಡಲಾಗಿ ಇಟ್ಟು ನೋಡಲಿ. ಬಲ್ಬಿದ್ದರೆ ಮೂರೂ ಕಡೆ ಒಂದೇ ಹೊಳಪಿನಲ್ಲಿ ಉರಿಯಬೇಕು, ಬಲ್ಬಿಲ್ಲದ ವ್ಯವಸ್ಥೆಯಾದರೆ ಮೂರೂ ಕಡೆ ತಕ್ಷಣ ಕರೆಂಟ್ ಕಡಿಯಬೇಕು. ದೂರದ ಮೂಲೆಯಲ್ಲಿ ಬಲ್ಬು ಮಂಕಾದರೆ ಅಥವಾ ನಾಣ್ಯ ಬಿಸಿಯಾಗತೊಡಗಿದರೆ ಪ್ಲಗ್ ತೆಗೆದು, ತಂತಿ ಬದಲಿಸಿಕೊಂಡು ಬರಲು ಮಕ್ಕಳಿಗೆ ಒಂದು ಗಂಟೆ ಸಮಯ ಕೊಡಲಿ.

ತಮ್ಮ ವಿಶ್ವಾಸಿ,
ಸಿಗ್ನಲ್ ವಿಭಾಗದ ನಿವೃತ್ತ ನೌಕರ,
ದಾವಣಗೆರೆ